ಅಜ್ಜಿಯ ಅಕ್ಕಿಮುಡಿ, ನನ್ನ ಮುಷ್ಟಿ

ಅಜ್ಜಿ ಕತ್ತಿ ಹಿಡಿದು ಅಕ್ಕಿಮುಡಿಯ ಹಗ್ಗ ಕೊಯ್ಯಲು ಕೂತಾಗ ನಾನು ಕಂಬದ ಮರೆಗೆ ಸರಿದೆ. ಯುದ್ಧದಿಂದಾಗಿ ಬರ್ಮಾದಿಂದ ಬರುವ ಅಕ್ಕಿ ಮೊದಲೇ ನಿಂತಿತ್ತು. ಈಗ ಹೊಳೆ ಉಕ್ಕಿ, ನಮ್ಮ ಊರು ಬೆಂಗ್ರೆಯಿಂದ ಆಚೆ ದಡದ ಪೇಟೆಗೆ ಹೋಗುವ ದೋಣಿಯೂ ನಿಂತು ನಾಲ್ಕು ದಿನ. ಆಪತ್ತಿಗೆಂದು ಅಕ್ಕಿಯನ್ನು ಬೈಹುಲ್ಲಿನಲ್ಲಿ ಉಂಡೆಯಾಗಿ ಬಿಗಿದಿಟ್ಟಿದ್ದ ಆ ಒಂದೇ ಮುಡಿ ಮನೆಯ ಏಳು ಜನಕ್ಕೆ ಗತಿ. ನಾನೋ, ಆನೆಯನ್ನೂ ಕೆಡಹುವ ಮುಷ್ಟಿಯಿಂದ ಅದನ್ನು ತಿಂಗಳಿಡೀ ಗುದ್ದಿ ಮುಷ್ಟಿಯುದ್ಧ ಕಲಿತಿದ್ದೆ. ಹುಲ್ಲು ಬಿರಿದು ತೇವ ಹೊಕ್ಕಿದ್ದರೆ ಅಕ್ಕಿಯೆಲ್ಲ ಮುಗ್ಗಲು!

"ಅಜ್ಜಿ, ನಾನು ದಿನಾ ಅದಕ್ಕೆ ಗುದ್ದಿದ್ದೇನೆ," ಎಂದು ಒಪ್ಪಿಕೊಂಡೆ.

ಅಜ್ಜಿ ಹಗ್ಗ ಕೊಯ್ದು ಒಂದು ಹಿಡಿ ಅಕ್ಕಿ ತೆಗೆದು ಮೂಸಿದರು. "ದಿನಾ ಸದ್ದು ಮಾಡಿದ್ದು ನೀನಾ? ನಾನು ಇಲಿ ಅಂತ ಎಣಿಸಿದ್ದೆ ಮಾರಾಯ! ಅಕ್ಕಿಗೆ ಎಂತದ್ದೂ ಆಗ್ಲಿಲ್ಲ."

ಅಂದು ನಾನು ಮೂರು ಬಟ್ಟಲು ಗಂಜಿ ಕುಡಿದೆ. ಈಗ ಅಜ್ಜಿಯಿಂದ ಮುಡಿ ಕಟ್ಟಲು ಕಲಿಯುತ್ತಿದ್ದೇನೆ. ಬೆಂಗ್ರೆಯಲ್ಲಿ ನನ್ನನ್ನು ಸೋಲಿಸಿದ್ದು ಆ ಮುಡಿಯೊಂದೇ.