ಗೆಳೆಯನ ನಾಯಕಿಗೊಂದು ಹರಕೆ

ನನ್ನ ಪತ್ತೇದಾರಿ ಕಾದಂಬರಿಯನ್ನು ಗುತ್ತಿಗಾರಿನ ದೊಡ್ಡಮ್ಮ ಒಂದೇ ದಿನದಲ್ಲಿ ಓದಿ, “ಲಾಯ್ಕ ಉಂಟು ಮಾರಾಯ” ಎಂದು ಮುಚ್ಚಿಟ್ಟರು. ಅಷ್ಟೇ. ಐದು ಕೊಲೆ ಮಾಡಿಸಿದ್ದೆ ನಾನು!

ಅದೇ ದೊಡ್ಡಮ್ಮ, ನನ್ನ ಗೆಳೆಯ ಬರೆದ ಮಾಟಮಂತ್ರದ ಕಾದಂಬರಿ ಹಿಡಿದವರು, ಒಲೆಯ ಮೇಲಿನ ಅನ್ನ ಸೀದರೂ ಏಳಲಿಲ್ಲ. ಮಾಟಗಾರ ನಾಯಕಿಯನ್ನು ಹೊತ್ತೊಯ್ದಾಗ, ಹುಡುಗಿ ಜೀವಂತ ಮರಳಿದರೆ ಕೋಳಿಯ ಎಡೆಯಿಟ್ಟು ಅಗೇಲು ಬಡಿಸುತ್ತೇನೆಂದು ದೈವಕ್ಕೆ ಹರಕೆಯನ್ನೂ ಹೇಳಿಕೊಂಡರು. ಹುಡುಗಿ ಮರಳಿದಳು. ಹರಕೆಯ ಊಟಕ್ಕೆ ನಮ್ಮಿಬ್ಬರಿಗೂ ಕರೆ ಬಂತು.

ಕೋಳಿ ಸಾರು ರುಚಿಯಾಗಿದ್ದದ್ದು ನನ್ನ ಹೊಟ್ಟೆಯನ್ನು ಇನ್ನಷ್ಟು ಉರಿಸಿತು. ತಡೆಯಲಾರದೆ ಕೇಳಿಯೇಬಿಟ್ಟೆ: “ದೊಡ್ಡಮ್ಮ, ನನ್ನ ಪುಸ್ತಕದಲ್ಲಿ ಸತ್ತವರಿಗೆ ಎಂತ ಇಲ್ವಾ?”

ಗೆಳೆಯನ ಎಲೆಗೆ ಕೋಳಿಯ ಕಾಲು ಬಡಿಸುತ್ತಾ ದೊಡ್ಡಮ್ಮ ನಕ್ಕರು.

“ಅವರಿಗೆಂತಕ್ಕೆ ಮಾರಾಯ? ಅವರೆಲ್ಲ ಕಥೆಯವರಲ್ವಾ?”