ಕುಚ್ಚು ಕಟ್ಟಿದ ಕೈ

ಗೆಳತಿಯರೇ, ನಮ್ಮ ಚಳ್ಳಕೆರೆಯ ಸೀರೆ ಕುಚ್ಚಿನ ವಾಟ್ಸಾಪ್ ಗುಂಪಿಗೆ ಇರುವುದು ಒಂದೇ ನಿಯಮ: ತಾನೇ ಕಟ್ಟಿದ ಕುಚ್ಚಿನ ಫೋಟೋ ಮಾತ್ರ ಹಾಕಬೇಕು. ಇವತ್ತು ನಮ್ಮ ಬೀದಿಯ ಸವಿತಾ ಹಾಕಿದ ಮೊಳಕಾಲ್ಮೂರು ಸೀರೆಯ ಕುಚ್ಚು ಎಷ್ಟು ಒಪ್ಪವಾಗಿತ್ತೆಂದರೆ, ಅಡ್ಮಿನ್ ಗಿರಿಜಕ್ಕನಿಗೆ ಅನುಮಾನ ಬಂತು.

"ಕಟ್ಟೋದನ್ನ ವಿಡಿಯೋ ಮಾಡಿ ಹಾಕು, ನೋಡಾನ."

ಅರ್ಧ ಗಂಟೆಯಲ್ಲಿ ವಿಡಿಯೋ ಬಂತು. ಮುಖವಿಲ್ಲ, ಬರೀ ಕೈ. ನಾನು ದೊಡ್ಡದು ಮಾಡಿ ನೋಡಿದೆ. ಮುಂಗೈ ತುಂಬ ಹಳೇ ಹಚ್ಚೆ.

"ಇದು ನಿಮ್ಮತ್ತೆ ಕೈ ಅಲ್ವೇನೇ?" ಎಂದು ಕೇಳಿಯೇಬಿಟ್ಟೆ.

ಗಿರಿಜಕ್ಕ ತಕ್ಷಣ ಸವಿತಾಳನ್ನು ಗುಂಪಿನಿಂದ ತೆಗೆದು, ಅತ್ತೆಯನ್ನು ಸೇರಿಸಲು ಹೊರಟರು. ಅತ್ತೆಗೆ ಫೋನೇ ಇಲ್ಲ. ಕೊನೆಗೆ ಸವಿತಾಳ ನಂಬರನ್ನೇ ಅತ್ತೆಯ ಹೆಸರಲ್ಲಿ ವಾಪಸ್ಸು ಸೇರಿಸಿದರು.

ಅತ್ತೆಯ ಮೊದಲ ಮೆಸೇಜು ಈಗಷ್ಟೇ ಬಂತು: "ನನ್ ಸೊಸೆಯಂಥೋಳು ಊರಲ್ಲೇ ಇಲ್ಲ ಕಣ್ರಮ್ಮ."