ಮಲಕವ್ವನ ಕಲ್ಲು ಒಪ್ಪಿದ ಧಾಟಿ

ಜೋರಾಪುರ ಪೇಟೆಯ ಕಾಸಿಮಸಾಬರು ಸಿನಿಮಾ ಹಾಡಿಗೆ ಧಾಟಿ ಕೂಡಿಸಿದೊಡನೆ ಹಾರ್ಮೋನಿಯಂ ಹೊತ್ತು ನೆರೆಮನೆಯ ಮಲಕವ್ವನ ಬೀಸುವ ಕಲ್ಲಿನ ಮುಂದೆ ಕೂತು, ಆಕೆ ಬೀಸುತ್ತಿರುವಾಗ ಅದನ್ನು ನುಡಿಸುವರು. ಕಲ್ಲಿನ ಓಟ ತಪ್ಪಿದರೆ ಧಾಟಿ ರದ್ದು. "ಇದಕ್ಕ ಕೈ ತಿರಗವಲ್ದು ಯಪ್ಪಾ, ಹಿಟ್ಟೂ ದಪ್ಪ ಬೀಳಾಕತ್ತೈತಿ," ಎಂದು ಆಕೆ ಬೈದರೆ ಮತ್ತೆ ಮೊದಲಿನಿಂದ. ಮದ್ರಾಸಿನ ಸಂಗೀತ ಬೇಡವೆಂದು ಹಟ ಹಿಡಿದು ತಾನು ನಿರ್ದೇಶಿಸುವ ಮೊದಲ ಚಿತ್ರದ ಹಾಡುಗಳನ್ನು ಸಾಬರಿಗೊಪ್ಪಿಸಿದ್ದ ಕಾಖಂಡಕಿಯ ತುಕಾರಾಮ, "ಸಾಹೇಬ್ರ, ಸಿನಿಮಾ ಮುಗಸೂನೋ, ಜ್ವಾಳ ಮುಗಸೂನೋ?" ಎಂದು ಹಲುಬುವನು. ಜನ ಒಪ್ಪದಿದ್ದರೆ ಅವನಿಗೆ ಎರಡನೆಯ ಚಿತ್ರವಿಲ್ಲ. ೧೯೭೬ರಲ್ಲಿ ತಿಕೋಟಾದ ಟೆಂಟ್ ಟಾಕೀಸಿನಲ್ಲಿ ಮೊದಲ ಆಟ ನಡೆದಾಗ ಸಾಬರು ಪರದೆಗೆ ಬೆನ್ನು ಹಾಕಿ, ಜನರತ್ತ ಮುಖ ಮಾಡಿ ಕುಳಿತಿದ್ದರು. ಹಾಡು ಬಂತು, ಚಪ್ಪಾಳೆ ಬರಲಿಲ್ಲ. ತುಕಾರಾಮನ ಮುಖ ಬಾಡಿತು. ಸಾಬರು ಅವನ ಹೆಗಲು ಹಿಡಿದು ತಿರುಗಿಸಿ, "ಅತ್ಲಾಗ ನೋಡಲೇ," ಎಂದರು. ಹೆಂಗಸರ ಸಾಲಿನಲ್ಲಿ ಬಲಗೈಗಳೆಲ್ಲ ಮಡಿಲ ಮೇಲೆ, ತಮಗೇ ತಿಳಿಯದಂತೆ, ಒಂದೇ ಓಟದಲ್ಲಿ ತಿರುಗುತ್ತಿದ್ದವು.